ಎಸ್‌ಎಸ್‌ಎಲ್‌ಸಿ ಮುಗಿದ ಮೇಲೆ ಎಲ್ಲಿಗೆ? ವಿಶೇಷ ಅಗತ್ಯದ ಮಕ್ಕಳಿಗಾಗಿ ಶಿಕ್ಷಕರೆಲ್ಲ ಸೇರಿ ಮಾಡಿದ ಕೆಲಸ

ಉತ್ತರ ಕನ್ನಡದ ಶಿರಸಿ ಭಾಗದಲ್ಲಿ ನಾನು ಬಿ.ಐ.ಇ.ಆರ್.ಟಿ. ಆಗಿದ್ದೇನೆ, ಅಂದರೆ ಸಾಮಾನ್ಯ ಶಾಲೆಗಳಲ್ಲಿ ಓದುತ್ತಿರುವ ವಿಶೇಷ ಅಗತ್ಯದ ಮಕ್ಕಳಿಗಾಗಿ ಬಿ.ಆರ್.ಸಿ.ಯಿಂದ (ಕ್ಷೇತ್ರ ಸಂಪನ್ಮೂಲ ಕೇಂದ್ರದಿಂದ) ಹೊರಟು ಶಾಲೆಯಿಂದ ಶಾಲೆಗೆ ತಿರುಗುವ ಸಂಪನ್ಮೂಲ ಶಿಕ್ಷಕಿ. ಮಗು ಚಿಕ್ಕದಿರುವಾಗ ಮಾತು ಬರುತ್ತದೆಯೇ, ಓದು ಹತ್ತುತ್ತದೆಯೇ ಎಂದು ಕೇಳುವ ತಂದೆತಾಯಿಗಳು, ಅದೇ ಮಗು ಒಂಬತ್ತನೆಯ ತರಗತಿಗೆ ಬರುವ ಹೊತ್ತಿಗೆ ಬೇರೆಯದೇ ಪ್ರಶ್ನೆ ಹಿಡಿದು ಬರುತ್ತಾರೆ: “ಅಕ್ಕೋರೆ, ಹತ್ತನೇ ಕ್ಲಾಸು ಆದಮೇಲೆ ಇವನನ್ನು ಎಲ್ಲಿಗೆ ಕಳಿಸುವುದು?” 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 31ನೆಯ ಕಲಂ ಶೇ. 40ಕ್ಕೆ ಕಡಿಮೆಯಿಲ್ಲದ ವಿಕಲತೆಯಿರುವ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕನ್ನು ಕೊಟ್ಟಿದೆ ನಿಜ. ಆದರೆ ನಮ್ಮ ಹಳ್ಳಿಗಳಲ್ಲಿ ಬಹುಪಾಲು ಬೌದ್ಧಿಕ ವಿಕಲತೆಯ ಮಕ್ಕಳ ಶಾಲೆ ಹತ್ತನೆಯ ತರಗತಿಗೇ ಮುಗಿದುಹೋಗುತ್ತದೆ. ಭಾಷಾ ವಿನಾಯಿತಿ, ಹೆಚ್ಚಿನ ಸಮಯ, ಬರೆಯುವ ಸಹಾಯಕ ಮುಂತಾದ ಸೌಲಭ್ಯಗಳೆಲ್ಲ ಪರೀಕ್ಷೆಯ ಕೋಣೆಯವರೆಗೆ ಬರುತ್ತವೆ. ಮರುದಿನದಿಂದ ಹುಡುಗ ಮನೆಯ ಜಗುಲಿಯಲ್ಲಿರುತ್ತಾನೆ. ಅಮೆರಿಕದಲ್ಲಿ ವಿಶೇಷ ಶಿಕ್ಷಣದ 2004ರ ಕಾಯ್ದೆಯಂತೆ ಇಂಥ ವಿದ್ಯಾರ್ಥಿಗೆ 16 ತುಂಬುವುದರೊಳಗೆ ಅವನ ಮುಂದಿನ ಬದುಕಿನ ಗುರಿಗಳನ್ನು ಶಾಲೆಯೇ ಬರೆದಿಡಬೇಕು. ನಮ್ಮಲ್ಲಿ ಅಂಥ ಒತ್ತಾಯವಿಲ್ಲದ್ದರಿಂದ ಈ ಕೆಲಸ ಆಯಾ ಶಾಲೆಯ ಶಿಕ್ಷಕರು ಮನಸ್ಸು ಮಾಡಿದರೆ ಮಾತ್ರ ಆಗುವಂಥದ್ದು.

ಬೌದ್ಧಿಕ ವಿಕಲತೆಯಿರುವ ಮಗು ಒಂದು ಕೋಣೆಯಲ್ಲಿ, ಒಬ್ಬರ ಮುಂದೆ ಕಲಿತದ್ದು ಇನ್ನೊಂದು ಜಾಗದಲ್ಲಿ, ಇನ್ನೊಬ್ಬರ ಮುಂದೆ ತಾನಾಗಿ ಬರುವುದಿಲ್ಲ ಎಂಬುದು ವಿಶೇಷ ಶಿಕ್ಷಣ ಓದಿದವರಿಗೆಲ್ಲ ಗೊತ್ತಿರುವ ಸಂಗತಿ. ಸಂಪನ್ಮೂಲ ಕೊಠಡಿಯಲ್ಲಿ ಹತ್ತು, ಇಪ್ಪತ್ತು, ಐವತ್ತರ ನೋಟುಗಳನ್ನು ತಪ್ಪಿಲ್ಲದೆ ಎತ್ತಿಕೊಡುವ ಹುಡುಗ ಶಾಲೆಯೆದುರಿನ ಅಂಗಡಿಯಲ್ಲಿ ಕೈಯಲ್ಲಿದ್ದುದನ್ನೆಲ್ಲ ಮುಂದೆ ಚಾಚಿ ನಿಲ್ಲುತ್ತಾನೆ. ವಾರಕ್ಕೊಮ್ಮೆ ಬರುವ ನಾನು ಎಷ್ಟೇ ಚೆನ್ನಾಗಿ ಕಲಿಸಿದರೂ ಅವನು ನನ್ನೆದುರು ಮಾಡುವುದನ್ನಷ್ಟೇ ಕಲಿಯುತ್ತಾನೆ. ಆದ್ದರಿಂದ ವಯಸ್ಕ ಬದುಕಿಗೆ ಬೇಕಾದ ಕೆಲಸಗಳನ್ನು ಹಲವು ಶಿಕ್ಷಕರು ಹಲವು ಜಾಗಗಳಲ್ಲಿ, ಆದರೆ ಒಂದೇ ರೀತಿಯಲ್ಲಿ ಕಲಿಸಬೇಕಾಗುತ್ತದೆ. ಶಿಕ್ಷಕರೆಲ್ಲ ಒಟ್ಟಾಗಿ ಕೆಲಸ ಮಾಡುವುದು ಎಂದರೆ ನನ್ನ ಮಟ್ಟಿಗೆ ಇದೇ. ಒಂದೇ ಮೇಜಿನ ಸುತ್ತ ಕುಳಿತು ಚಹಾ ಕುಡಿದು ನಡಾವಳಿ ಬರೆಯುವುದಲ್ಲ.

ಇಲ್ಲಿ ಮುಖ್ಯವಾಗಿ ಒಬ್ಬ ಹುಡುಗನ ವಿಷಯ ಹೇಳುತ್ತೇನೆ. ಎಂಟನೆಯ ತರಗತಿಗೆ ಬಂದಾಗ ತನ್ನ ಹೆಸರು ಬರೆಯುತ್ತಿದ್ದ, ಇಪ್ಪತ್ತರವರೆಗೆ ಎಣಿಸುತ್ತಿದ್ದ, ಕೇಳಿದ್ದಕ್ಕೆ ಒಂದೆರಡು ಪದಗಳಲ್ಲಿ ಉತ್ತರಿಸುತ್ತಿದ್ದ. ಮುಖ್ಯೋಪಾಧ್ಯಾಯರು ಶನಿವಾರದ ಬೆಳಗಿನ ಶಾಲೆ ಬಿಟ್ಟ ಮೇಲೆ ಒಂದು ಗಂಟೆ ಬಿಟ್ಟುಕೊಟ್ಟರು. ಗಣಿತ, ಕನ್ನಡ, ವಿಜ್ಞಾನ ಶಿಕ್ಷಕರು ಮತ್ತು ದೈಹಿಕ ಶಿಕ್ಷಕರು ಸೇರಿದ್ದರು. ಪಾಠ ಮುಗಿಸಬೇಕು, ಫಲಿತಾಂಶ ಕೊಡಬೇಕು, ಇದರ ನಡುವೆ ಇನ್ನೊಂದು ಜವಾಬ್ದಾರಿಯೇ ಎಂಬ ಅವರ ಅಸಮಾಧಾನ ನ್ಯಾಯವಾದದ್ದೇ ಆಗಿತ್ತು. ನಾನು ಹೆಚ್ಚುವರಿ ತರಗತಿ ಕೇಳಲಿಲ್ಲ; ಅವರವರ ಪಿರಿಯಡ್ಡಿನೊಳಗೇ ಒಂದು ಸಣ್ಣ ಕೆಲಸವನ್ನು ಆ ಹುಡುಗನಿಗೆಂದು ಇಡಲು ಕೇಳಿದೆ. ಮಗು ಏನೇನು ಮಾಡಬಲ್ಲದು ಎಂದು ಗುರುತಿಸಲು ಸಿಕಂದರಾಬಾದಿನ ಬೌದ್ಧಿಕ ವಿಕಲತೆಯ ರಾಷ್ಟ್ರೀಯ ಸಂಸ್ಥೆ ರೂಪಿಸಿದ ಎಫ್.ಎ.ಸಿ.ಪಿ. ಪಟ್ಟಿಯಲ್ಲಿ ವೃತ್ತಿಪೂರ್ವ ಹಂತದ ಅಂಶಗಳಿವೆ. ಅವುಗಳನ್ನೆಲ್ಲ ತುಂಬುವ ಬದಲು, ಶಾಲೆ ಬಿಟ್ಟ ಮೇಲೆ ಅವನು ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗಬೇಕು ಎಂಬುದನ್ನು ಮೊದಲು ಗೊತ್ತುಮಾಡಿಕೊಂಡು, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿದೆವು. ತಂದೆಗೆ ಯಾವುದಾದರೂ ಸರಕಾರಿ ಕಚೇರಿಯಲ್ಲಿ ಜವಾನನ ಕೆಲಸ ಸಿಕ್ಕರೆ ಎಂಬ ಆಸೆಯಿತ್ತು. ಆಯಿಗೆ (ತಾಯಿಗೆ) ಅವನು ಮನೆಯಲ್ಲೇ ಸುರಕ್ಷಿತವಾಗಿದ್ದರೆ ಸಾಕಾಗಿತ್ತು. ಹುಡುಗನನ್ನೇ ಕೇಳೋಣ ಎಂದವರು ದೈಹಿಕ ಶಿಕ್ಷಕರು. ಫೋಟೋಗಳನ್ನು ಮುಂದಿಟ್ಟು ಕೇಳಿದಾಗ ಅವನು ಪ್ರತಿಸಲವೂ ಅಡಿಕೆ ಮಂಡಿಯ ಫೋಟೋ ಎತ್ತಿದ. ಅವನ ಮಾವ ಅಲ್ಲಿ ಹಮಾಲಿ ಕೆಲಸ ಮಾಡುತ್ತಾರೆ, ಲಾರಿಗಳು ಬರುತ್ತವೆ. ಕಾರಣ ಲಾರಿಯೇ ಇದ್ದಿರಬಹುದು. ನಾವೂ ಕೆಲಸ ಹಿಡಿದದ್ದು ಅದಕ್ಕಿಂತ ಘನವಾದ ಕಾರಣಗಳಿಗಾಗಿ ಎಂದು ನನಗೇನೂ ಅನ್ನಿಸುವುದಿಲ್ಲ.

ಮಂಡಿಗೆ ಹೋಗಬೇಕಾದರೆ ಬಸ್ಸು ಹತ್ತಬೇಕು, ಹೊತ್ತು ತಿಳಿಯಬೇಕು, ಎರಡು ತಾಸು ಒಂದೇ ಕೆಲಸದಲ್ಲಿ ನಿಲ್ಲಬೇಕು, ಬಾಯಾರಿದರೆ ಕೇಳಬೇಕು, ಕೊಟ್ಟ ದುಡ್ಡನ್ನು ನೋಡಿ ಇಟ್ಟುಕೊಳ್ಳಬೇಕು. ಕನ್ನಡ ಶಿಕ್ಷಕಿ ಅವನ ಊರಿನ ಬಸ್ಸಿನ ಬೋರ್ಡಿನಲ್ಲಿರುವ ಹೆಸರುಗಳನ್ನು ಓದುವುದನ್ನೂ ಸಹಿ ಮಾಡುವುದನ್ನೂ ವಹಿಸಿಕೊಂಡರು. ಗಣಿತದ ಮಾಸ್ತರು ಉಳಿದವರು ಕ್ಷೇತ್ರಗಣಿತದ ಲೆಕ್ಕ ಮಾಡುವಾಗ ಇವನ ಮುಂದೆ ಒಂದು ತೂಕದ ಕಾಟಾ ಇಟ್ಟು, ಪರದೆಯ ಮೇಲಿನ ಅಂಕಿಯನ್ನು ಓದಿ ಬರೆದಿಡುವ ಕೆಲಸ ಕೊಟ್ಟರು. ಆಟದ ಮೈದಾನದಲ್ಲಿ ಸಾಮಾನು ಲೆಕ್ಕ ಮಾಡಿ ಒಳಗಿಡುವುದು, ದಣಿವಾದರೆ ಓಡಿಹೋಗದೆ ‘ಸ್ವಲ್ಪ ಕೂರುತ್ತೇನೆ’ ಎಂದು ಹೇಳುವುದು ದೈಹಿಕ ಶಿಕ್ಷಕರ ಪಾಲಿಗೆ ಬಂತು. ಬಿಸಿಯೂಟದ ಅಡುಗೆಯವರನ್ನೂ ಸೇರಿಸಿಕೊಂಡೆವು. ತಟ್ಟೆಗಳನ್ನು ಹತ್ತರ ಅಟ್ಟಿಯಾಗಿ ಜೋಡಿಸುವ ಕೆಲಸವನ್ನು ಅವರು ಶಿಕ್ಷಕರಿಗಿಂತ ಚೆನ್ನಾಗಿ ಕಲಿಸಿದರು, ಏಕೆಂದರೆ ಅವರಿಗೆ ನಿಜವಾಗಿಯೂ ಆ ಕೆಲಸ ಆಗಬೇಕಿತ್ತು.

ಇವರೆಲ್ಲರನ್ನೂ ಕಟ್ಟಿದ್ದು ಒಂದು ಇನ್ನೂರು ಪುಟದ ನೋಟ್‌ಬುಕ್ಕು. ಅದು ಹುಡುಗನ ಚೀಲದಲ್ಲೇ ಇರುತ್ತಿತ್ತು. ಆಯಾ ಪಿರಿಯಡ್ಡಿನವರು ಕೆಲಸದ ಹೆಸರಿನ ಮುಂದೆ ಒಂದೇ ಅಕ್ಷರ ಬರೆಯಬೇಕು. ತಾನೇ ಮಾಡಿದರೆ ‘ತಾ’, ಸನ್ನೆ ಬೇಕಾದರೆ ‘ಸ’, ಮಾತಿನಲ್ಲಿ ನೆನಪಿಸಿದರೆ ‘ಮಾ’, ಕೈ ಹಿಡಿದು ಮಾಡಿಸಿದರೆ ‘ಕೈ’. ಮೊದಲ ತಿಂಗಳ ಪುಟಗಳನ್ನು ಒಟ್ಟಿಗೆ ತೆರೆದಾಗ ಒಂದು ವಿಷಯ ಎದ್ದು ಕಂಡಿತು: ಅಡುಗೆಮನೆಯಲ್ಲಿ ‘ತಾ’ ಎಂದಿದ್ದ ಎಣಿಕೆ ತರಗತಿಯಲ್ಲಿ ‘ಕೈ’ ಆಗಿತ್ತು. ಹುಡುಗ ಬದಲಾಗಿರಲಿಲ್ಲ. ತರಗತಿಯಲ್ಲಿ ಅವನು ತಡವರಿಸಿದ ಕ್ಷಣದಲ್ಲೇ ಪಕ್ಕದ ಹುಡುಗರು ಅಥವಾ ಶಿಕ್ಷಕರು ಮಾಡಿಕೊಡುತ್ತಿದ್ದರು. ಅಡುಗೆಯವರಿಗೆ ಅಷ್ಟು ಪುರುಸೊತ್ತು ಇರಲಿಲ್ಲ. ಬಸ್‌ಸ್ಟಾಪಿನಲ್ಲೂ ಹೀಗೆಯೇ. ಒಬ್ಬರು ‘ಬೋರ್ಡು ನೋಡು’ ಎಂದರೆ ಇನ್ನೊಬ್ಬರು ‘ಬಸ್ಸು ಬಂತು, ಹತ್ತು’ ಎನ್ನುತ್ತಿದ್ದರಾದ್ದರಿಂದ ಅವನು ಬೋರ್ಡಿಗಾಗಿ ಅಲ್ಲ, ದೊಡ್ಡವರ ದನಿಗಾಗಿ ಕಾಯುವುದನ್ನು ಕಲಿತಿದ್ದ. ಅಂದಿನಿಂದ ಎಲ್ಲರೂ ಒಂದು ಕಟ್ಟುಪಾಡಿಗೆ ಒಪ್ಪಿದೆವು: ಅವನು ತಡೆದು ನಿಂತರೆ ಮನಸ್ಸಿನಲ್ಲಿ ಹತ್ತು ಎಣಿಸಬೇಕು, ಆಮೇಲೂ ಆಗದಿದ್ದರೆ ಮೊದಲು ಸನ್ನೆ, ಬಳಿಕ ಮಾತು, ಕೊನೆಗೆ ಕೈ. ಹೇಳಲು ಸುಲಭ. ಇಪ್ಪತ್ತು ವರ್ಷ ಪಾಠ ಮಾಡಿದವರಿಗೆ ಮಗುವಿನೆದುರು ಸುಮ್ಮನೆ ನಿಲ್ಲುವುದಕ್ಕಿಂತ ಕಷ್ಟದ ಕೆಲಸ ಇನ್ನೊಂದಿಲ್ಲ.

ಅಡಿಕೆ ಆರಿಸುವುದನ್ನು ಶಾಲೆಗೆ ತಂದವರು ಗಣಿತದ ಮಾಸ್ತರು. ಅವರ ಮನೆಯಲ್ಲಿ ತೋಟವಿದೆ. ಹಣ್ಣಡಿಕೆಯನ್ನು ಒಂದೂವರೆ ತಿಂಗಳಿಗೂ ಮೇಲ್ಪಟ್ಟು ಒಣಗಿಸಿ ಸುಲಿದ ಅಡಿಕೆಯನ್ನು ಒಂದು ಚೀಲ ತಂದರು. ನಮ್ಮ ಕಡೆ ಅದನ್ನು ಗುಣಮಟ್ಟ ನೋಡಿ ಚಾಲಿ, ಬಿಳೆಗೋಟು, ಕೋಕಾ ಎಂದು ಬೇರೆ ಮಾಡುತ್ತಾರೆ, ಒಂದೊಂದಕ್ಕೂ ಒಂದೊಂದು ದರ. ಮೂರನ್ನೂ ಒಟ್ಟಿಗೆ ಕಲಿಸದೆ, ಮೊದಲು ‘ಚೊಲೋದು’ ಮತ್ತು ‘ಬೇರೆ’ ಎಂದು ಎರಡೇ ಬುಟ್ಟಿ ಇಟ್ಟೆವು. ಚೊಲೋದರ ಬುಟ್ಟಿಯ ಅಂಚಿಗೆ ಒಂದು ಒಳ್ಳೆಯ ಚಾಲಿ ಅಡಿಕೆಯನ್ನು ದಾರದಲ್ಲಿ ಕಟ್ಟಿದೆವು. ಅನುಮಾನ ಬಂದರೆ ಅದರ ಪಕ್ಕ ಹಿಡಿದು ನೋಡಬಹುದು. ಎರಡು ಬುಟ್ಟಿ ತಪ್ಪಿಲ್ಲದೆ ಬಂದ ಮೇಲೆ ‘ಬೇರೆ’ ಎಂಬುದನ್ನು ಮತ್ತೆ ಎರಡು ಮಾಡಿದೆವು. ಅವನು ನಿಧಾನ, ಅದರಲ್ಲಿ ಸಂಶಯವಿಲ್ಲ. ಆದರೆ ಬೇಸರವಿಲ್ಲದೆ ಆರಿಸುತ್ತಿದ್ದ ಮತ್ತು ಬುಟ್ಟಿಯಲ್ಲಿ ಮಿಶ್ರಣವಾಗುತ್ತಿರಲಿಲ್ಲ. ಮಂಡಿಯವರಿಗೆ ಬೇಕಾದ ಗುಣ ಇದೇ ಎಂದು ಮಾಸ್ತರು ಹೇಳಿದರು, ಏಕೆಂದರೆ ಚಾಲಿಯ ಚೀಲದಲ್ಲಿ ಕೋಕಾ ಕಂಡರೆ ಇಡೀ ಚೀಲದ ದರ ಬೀಳುತ್ತದೆ.

ಹತ್ತನೆಯ ತರಗತಿಯ ನಡುವೆ ಹಂಗಾಮು ಶುರುವಾದಾಗ, ಪರಿಚಯದ ವ್ಯಾಪಾರಸ್ಥರೊಬ್ಬರು ತಮ್ಮ ಮಂಡಿಯಲ್ಲಿ ವಾರಕ್ಕೆರಡು ಮಧ್ಯಾಹ್ನ ಕೂರಿಸಿಕೊಳ್ಳಲು ಒಪ್ಪಿದರು. ಶಾಲೆಯಲ್ಲಿ ‘ತಾ’ ಇದ್ದದ್ದು ಅಲ್ಲಿ ಮತ್ತೆ ‘ಕೈ’ಗೆ ಇಳಿಯಿತು. ಶಾಲೆಯಲ್ಲಿ ತಟ್ಟೆಯಲ್ಲಿ ಹರಡಿದ ಅಡಿಕೆ, ಕಿಟಕಿಯ ಬೆಳಕು. ಇಲ್ಲಿ ಮೊಣಕಾಲೆತ್ತರದ ರಾಶಿ, ಒಂದೇ ಬಲ್ಬು, ಹಮಾಲರ ಗದ್ದಲ. ಗಣಿತದ ಮಾಸ್ತರೂ ನಾನೂ ಸರದಿಯ ಮೇಲೆ ಹೋಗಿ ಪಕ್ಕದಲ್ಲಿ ಕುಳಿತೆವು. ರಾಶಿಯಿಂದ ಒಂದು ಮೊರದಷ್ಟನ್ನು ಮಾತ್ರ ಮುಂದೆ ಸುರಿದುಕೊಳ್ಳುವುದನ್ನು ರೂಢಿ ಮಾಡಿಸಿದೆವು, ಬೆಳಕಿನ ಕಡೆಗೆ ಜಾಗ ಬದಲಿಸಿದೆವು. ಸ್ವಲ್ಪ ಸ್ವಲ್ಪವಾಗಿ ನಾವು ದೂರ ಸರಿದು, ನಮ್ಮ ಜಾಗದಲ್ಲಿ ಅಲ್ಲೇ ಆರಿಸುವ ಹಿರಿಯ ಹೆಂಗಸೊಬ್ಬರು ಬಂದರು. ಹತ್ತು ಎಣಿಸುವ ಕಟ್ಟುಪಾಡನ್ನು ಅವರಿಗೂ ಹೇಳಿಕೊಟ್ಟೆವು. ಅವರು ನಕ್ಕು, “ಅಷ್ಟೆಯಾ? ನಮ್ಮನೆ ಮಕ್ಕಳಿಗೂ ಹಾಂಗೇ ಬಿಡ್ತೆ” ಎಂದರು. ಮಳೆಗಾಲದಲ್ಲಿ ಆರಿಸುವ ಕೆಲಸ ಕಡಿಮೆ. ಆ ತಿಂಗಳುಗಳಿಗೆ ಹತ್ತಿರದ ಹಾಳೆತಟ್ಟೆ ಘಟಕವನ್ನು ನೋಡಿಟ್ಟಿದ್ದೆವು; ಬಿಸಿ ಅಚ್ಚಿನ ಯಂತ್ರದ ಬಳಿ ಬಿಡದೆ, ತಟ್ಟೆ ಒರೆಸಿ ಎಣಿಸಿ ಪ್ಯಾಕು ಮಾಡುವ ಕೆಲಸವನ್ನಷ್ಟೇ ಒಪ್ಪಿಕೊಂಡೆವು.

ವಯಸ್ಸಿಗೆ ಬರುವುದು ಎಂದರೆ ಕೆಲಸ ಮಾತ್ರವಲ್ಲ, ಮೈಯ ಬದಲಾವಣೆಯೂ ಹೌದು. ಈ ಮಾತನ್ನು ಮನೆಯವರೂ ಶಾಲೆಯವರೂ ಪರಸ್ಪರರ ಮೇಲೆ ಹಾಕಿ ಸುಮ್ಮನಿರುತ್ತಾರೆ. ಹುಡುಗನ ವಿಷಯದಲ್ಲಿ ನಾನು ಹೇಳುವುದಕ್ಕಿಂತ ಗಂಡಸರು ಹೇಳುವುದು ಸರಿಯೆಂದು ದೈಹಿಕ ಶಿಕ್ಷಕರಿಗೆ ಒಪ್ಪಿಸಿದೆವು. ಬಾಗಿಲು ಹಾಕಿಕೊಂಡು ಮಾಡಬೇಕಾದ್ದು ಯಾವುದು, ಹೊರಗೆ ಮಾಡಬಹುದಾದ್ದು ಯಾವುದು ಎಂದು ಚಿತ್ರಗಳನ್ನು ಎರಡು ಗುಂಪಾಗಿ ಮಾಡಿಸಿ ಅವರು ಕಲಿಸಿದರು. ಗಡ್ಡ ತೆಗೆಯುವುದನ್ನು ತಂದೆ ಕನ್ನಡಿಯೆದುರು ಕಲಿಸಿದರು. ಎಲ್ಲರನ್ನೂ ಅಪ್ಪಿಕೊಳ್ಳುವ ಅವನ ಅಭ್ಯಾಸ ಆರು ವರ್ಷದವನಲ್ಲಿ ಮುದ್ದಾಗಿ ಕಾಣುತ್ತದೆ. ಹದಿನಾರರವನು ಬಸ್ಸಿನಲ್ಲಿ ಹಾಗೆ ಮಾಡಿದರೆ ಪೆಟ್ಟು ತಿನ್ನುತ್ತಾನೆ. ಆದ್ದರಿಂದ ಶಾಲೆಯ ಶಿಕ್ಷಕರೆಲ್ಲರೂ ಒಂದೇ ದಿನದಿಂದ ಅಪ್ಪುಗೆ ನಿಲ್ಲಿಸಿ ನಮಸ್ಕಾರಕ್ಕೆ ಬಂದೆವು. ಇನ್ನೊಂದು ಶಾಲೆಯ ಹುಡುಗಿಯೊಬ್ಬಳಿಗೆ ವಿಜ್ಞಾನ ಶಿಕ್ಷಕಿಯೂ ಆಯಿಯೂ ಮುಟ್ಟಿನ ದಿನಗಳ ಕ್ರಮವನ್ನು ಒಂದೇ ಬಗೆಯ ಪ್ಯಾಡು, ಒಂದೇ ಜಾಗದ ಚೀಲ, ಒಂದೇ ಅನುಕ್ರಮದಲ್ಲಿ ಕಲಿಸಿದ್ದರಿಂದ ಅವಳು ತಿಂಗಳಿಗೆ ನಾಲ್ಕೈದು ದಿನ ಶಾಲೆ ತಪ್ಪಿಸುವುದು ನಿಂತಿತು.

ಕಾಗದಪತ್ರಗಳ ಕೆಲಸ ಹದಿನೇಳಕ್ಕೇ ಶುರುವಾಗಬೇಕು. ಬೌದ್ಧಿಕ ವಿಕಲತೆಯಲ್ಲಿ ಚಿಕ್ಕಂದಿನಲ್ಲಿ ಕೊಟ್ಟ ಪ್ರಮಾಣಪತ್ರ 18ಕ್ಕೆ ಮರುಪರಿಶೀಲನೆಗೆ ಬರುತ್ತದೆ, ಯು.ಡಿ.ಐ.ಡಿ. ಎಂಬ ವಿಕಲಚೇತನರ ಗುರುತಿನ ಕಾರ್ಡಿನ ಅವಧಿಯನ್ನು ಮನೆಯವರು ನೋಡಿಯೇ ಇರುವುದಿಲ್ಲ. ಸಾರಿಗೆ ಸಂಸ್ಥೆಯ ರಿಯಾಯಿತಿ ಪಾಸು ವಾಸದ ಊರಿನಿಂದ 100 ಕಿ.ಮೀ. ವರೆಗೆ ನಡೆಯುತ್ತದಾದ್ದರಿಂದ ನಿತ್ಯದ ಓಡಾಟಕ್ಕೆ ಧಾರಾಳವಾಯಿತು. ಪೋಷಕತ್ವದ, ಅಂದರೆ ಇವರ ಪರವಾಗಿ ತೀರ್ಮಾನಿಸಿ ಸಹಿ ಹಾಕುವ ಕಾನೂನಿನ ಅಧಿಕಾರದ, ವಿಷಯದಲ್ಲಿ ಮಾತ್ರ ನನ್ನದೊಂದು ಗಟ್ಟಿ ಅಭಿಪ್ರಾಯವಿದೆ. ಸ್ವಲೀನತೆ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವಿಕಲತೆ ಮತ್ತು ಬಹುವಿಕಲತೆ ಇರುವವರಿಗೆ 18 ತುಂಬಿದ ಮೇಲೆ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸ್ಥಳೀಯ ಮಟ್ಟದ ಸಮಿತಿ ಪೋಷಕರನ್ನು ನೇಮಿಸಬಹುದು. ಹಾಗೆಂದು ಎಲ್ಲರಿಗೂ ಅದು ಬೇಕಾಗಿಲ್ಲ. ನಮ್ಮ ಹುಡುಗ ವಿವರಿಸಿ ಹೇಳಿದರೆ ತಿಳಿದು ಸಹಿ ಮಾಡುತ್ತಾನೆ. ಅವನಿಗೆ ಬೇಕಾದದ್ದು ಪಕ್ಕದಲ್ಲಿ ಕುಳಿತು ತಿಳಿಸಿ ಹೇಳುವವರು, ಅವನ ಬದಲು ಸಹಿ ಹಾಕುವವರಲ್ಲ. ತಂದೆಗೆ ಇದನ್ನು ಒಪ್ಪಿಸಲು ಕನ್ನಡ ಶಿಕ್ಷಕಿ ತಂದು ತೋರಿಸಿದ ಸಹಿಯ ಪುಟಗಳು ನನ್ನ ಕಾನೂನಿನ ಮಾತಿಗಿಂತ ಹೆಚ್ಚು ಕೆಲಸ ಮಾಡಿದವು. ತೀವ್ರ ಬಹುವಿಕಲತೆಯಿರುವ ಇನ್ನೊಬ್ಬ ವಿದ್ಯಾರ್ಥಿನಿಯ ಮನೆಯವರು ಮಾತ್ರ ಘಟ್ಟ ಇಳಿದು ಕಾರವಾರಕ್ಕೆ ಹೋಗಿ ಅರ್ಜಿ ಕೊಟ್ಟರು. ಅವಳ ವಿಷಯದಲ್ಲಿ ಅದೇ ಸರಿ.

ಮುಂದೆ ಓದುವ ಮಕ್ಕಳ ದಾಟುವಿಕೆ ಇದಕ್ಕೆ ಹೋಲಿಸಿದರೆ ಸರಳ. ಶ್ರವಣದೋಷವಿರುವ ಹುಡುಗಿಯೊಬ್ಬಳು ಪಿಯುಸಿಗೆ ಸೇರುವ ಮೊದಲೇ ಅವಳ ಪ್ರೌಢಶಾಲೆಯ ಶಿಕ್ಷಕಿಯೊಬ್ಬರು ಕಾಲೇಜಿನ ಉಪನ್ಯಾಸಕರನ್ನು ಕಂಡು, ಬೋರ್ಡಿನ ಕಡೆ ಮುಖ ಮಾಡಿ ಮಾತಾಡಿದರೆ ಅವಳಿಗೆ ಏನೂ ಸಿಗುವುದಿಲ್ಲ ಎಂದು ಹೇಳಿ ಬಂದರು. ಉನ್ನತ ಶಿಕ್ಷಣದಲ್ಲಿ ಶೇ. 5ರಷ್ಟು ಸೀಟುಗಳ ಮೀಸಲಾತಿ ಮತ್ತು ವಯೋಮಿತಿಯಲ್ಲಿ 5 ವರ್ಷದ ಸಡಿಲಿಕೆ ಇರುವುದು ಮನೆಯವರಿಗೆ ಗೊತ್ತಿದ್ದರೆ ಉಳಿದದ್ದು ಮಕ್ಕಳ ಓದಿನ ಮೇಲೆ ನಿಂತಿದೆ.

ಶಾಲೆ ಬಿಡುವ ದಿನ ಆ ನೋಟ್‌ಬುಕ್ಕನ್ನು ನಾವು ಇಟ್ಟುಕೊಳ್ಳಲಿಲ್ಲ. ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಕರೆಸಿ, ಆಯಿ, ಮಾವ ಮತ್ತು ಮಂಡಿಯ ಆ ಹಿರಿಯ ಹೆಂಗಸಿನ ಎದುರು ಪುಟಪುಟ ಓದಿ ಆ ಕಾರ್ಯಕರ್ತರ ಕೈಗೆ ಕೊಟ್ಟೆವು. ಈಗ ಹುಡುಗ ಹಂಗಾಮಿನಲ್ಲಿ ದಿನವೂ ಅರ್ಧ ಹೊತ್ತು ಆರಿಸಲು ಹೋಗುತ್ತಾನೆ. ಕೂಲಿ ಕಿಲೋ ಲೆಕ್ಕದಲ್ಲಿ ಅವನ ಖಾತೆಗೇ ಜಮಾ ಆಗುತ್ತದೆ. ಸಂಜೆ ಕೊನೆಯ ಬಸ್ಸು ತಪ್ಪಿದರೆ ಏನು ಮಾಡಬೇಕು ಎಂಬುದು ಇನ್ನೂ ‘ಮಾ’ದಲ್ಲೇ ಇದೆ, ಅದಕ್ಕೆ ಮಾವ ಫೋನು ಮಾಡುವುದನ್ನು ಕಲಿಸುತ್ತಿದ್ದಾರೆ. ಅದೇ ಶಾಲೆಯ ಎಂಟನೆಯ ತರಗತಿಗೆ ಈ ವರ್ಷ ಇಬ್ಬರು ಬಂದಿದ್ದಾರೆ, ಅವರ ನೋಟ್‌ಬುಕ್ಕುಗಳನ್ನು ಜೂನ್ ತಿಂಗಳಲ್ಲಿ ತೆರೆದವರು ಗಣಿತದ ಮಾಸ್ತರು. ನಾನು ಆ ಶಾಲೆಗೆ ಹೋಗುವಷ್ಟರಲ್ಲಿ ಮೊದಲ ಪುಟ ತುಂಬಿತ್ತು.