ಹಸಿಬಿಸಿ ಭಾಗ ಎರಡು: ಗಂಗಾವತಿಯ ಮಾಳಿಗೆ ಮನೆಯಲ್ಲಿ 11 ರಾತ್ರಿ

ನಮ್ಮ ಸಿನಿಮಾದ ಎರಡನೇ ಭಾಗಕ್ಕೆ ಕೈ ಹಾಕಿದಾಗ, ‘ಎ’ (ದೊಡ್ಡವರಿಗೆ ಮಾತ್ರ) ಸರ್ಟಿಫಿಕೇಟ್ ಇಲ್ಲದ ಹಸಿಬಿಸಿ ಥ್ರಿಲ್ಲರ್ ಯಾರು ನೋಡ್ತಾರಪ್ಪಾ ಅಂತ ಕೇಳಿದವರೇ ಎಲ್ಲರೂ. ಈಗ ಯುಎ 16+ (16ರ ಕೆಳಗಿನವರು ಹೆತ್ತವರ ಮಾರ್ಗದರ್ಶನದಲ್ಲಿ ನೋಡಬಹುದು) ಕೈಯಲ್ಲಿದೆ, ಟಿವಿ ಹಕ್ಕೂ ಮಾರಾಟವಾಗಿದೆ. ಹಾಕಿದ್ದು ಹೆಚ್ಚುಕಮ್ಮಿ 27 ಲಕ್ಷ, ಅದರಲ್ಲಿ 18-19 ಲಕ್ಷ ಟಿವಿಯಿಂದಲೇ ವಾಪಸ್ ಬಂತು. ಮೊದಲ ಭಾಗಕ್ಕೆ ‘ಎ’ ಸಿಕ್ಕಿತ್ತು. ‘ಎ’ ಚಿತ್ರ ಟಿವಿಯಲ್ಲಿ ಹಾಕೋ ಹಾಗಿಲ್ಲ, ಹಾಗಾಗಿ ಎರಡು ವಾರ ಥಿಯೇಟರಲ್ಲಿ ಓಡಿ ಅಲ್ಲೇ ಮುಗಿಯಿತು. ಭಾಗ ಎರಡರ ಲೆಕ್ಕ ಶುರುವಾದದ್ದೇ ಆ ನಷ್ಟದಿಂದ.

ಮೊದಲ ಎಡಿಟ್ 1 ಗಂಟೆ 52 ನಿಮಿಷ ಬಂತು. ಮಂಚದ ಸೀನು ನಾಲ್ಕು, ಒಟ್ಟು 14 ನಿಮಿಷ. ನಾಲ್ಕರಲ್ಲೂ ಕಥೆ ನಿಂತಲ್ಲೇ ನಿಲ್ಲುತ್ತಿತ್ತು. ಎರಡನೇ ಭಾಗಕ್ಕೆ ಬರುವವನಿಗೆ ಕೊಂದವರು ಯಾರು ಅಂತ ಮೊದಲೇ ಗೊತ್ತು. ಉಳಿಯೋ ಕುತೂಹಲ ಒಂದೇ: ಈಗ ಯಾರಿಗೆ ಎಷ್ಟು ತಿಳಿದಿದೆ? ಹಾಗಾಗಿ, ಸೀನು ಮುಗಿದಾಗ ಇಬ್ಬರಲ್ಲಿ ಒಬ್ಬರಿಗಾದರೂ ಹೊಸದೊಂದು ವಿಷಯ ತಿಳಿದಿರಬೇಕು, ಇಲ್ಲದಿದ್ದರೆ ಕಿತ್ತು ಹಾಕು ಅಂತ ಕೂತೆವು. ಎರಡು ಸೀನು ಹೋದವು. ಅವನ್ನು ಶೂಟ್ ಮಾಡಿದ ಎರಡು ರಾತ್ರಿಯ ಖರ್ಚು ಲಕ್ಷದ ಅರವತ್ತು ಸಾವಿರ ನೀರುಪಾಲು. ಉಳಿದೆರಡು ಸೇರಿ ಮೂರೂವರೆ ನಿಮಿಷ. ಈ ಲೆಕ್ಕ ಸ್ಕ್ರಿಪ್ಟ್ ಹಂತದಲ್ಲೇ ಹಾಕಿದ್ದರೆ ದುಡ್ಡು ಉಳೀತಿತ್ತು.

ಮೊದಲ ಭಾಗದ ನಾಯಕಿ ಬರಲಿಲ್ಲ. ಬೆನ್ನು ತೋರಿಸೋ ಶಾಟಿಗೆ ಡೂಪ್ ಹಾಕಿ ಹೊಸ ನಾಯಕಿಯ ಕ್ಲೋಸಪ್ ಜೋಡಿಸಿದೆವು. ಹೊಂದಲೇ ಇಲ್ಲ. ಡೂಪ್ ಶಾಟ್ ತೆಗೆದದ್ದು ಬೇರೆ ದಿನ, ಅಗ್ಗದ ಎಲ್‌ಇಡಿ ಪ್ಯಾನೆಲಿನಲ್ಲಿ. ಚರ್ಮ ಹಸಿರುಗಟ್ಟಿತು. ಡಿಐನಲ್ಲಿ, ಅಂದರೆ ಕಂಪ್ಯೂಟರಿನಲ್ಲಿ ಬಣ್ಣ ತಿದ್ದುವಾಗ, ಚರ್ಮ ಸರಿ ಮಾಡಿದರೆ ಹಾಸಿಗೆ ಗುಲಾಬಿ ಆಗೋದು. ಅದೂ ಸಾಲದು ಅಂತ ಬಳೆ ಒಂದರಲ್ಲಿ ಏಳು, ಇನ್ನೊಂದರಲ್ಲಿ ಒಂಬತ್ತು. ಕೊನೆಗೆ ಡೂಪ್ ಬಿಟ್ಟು ಗೋಡೆಯ ಮೇಲಿನ ನೆರಳಷ್ಟೇ ತೆಗೆದೆವು, ಅದೇ ಚೆನ್ನಾಗಿ ಬಂತು.

ಕಲಾವಿದರ ಜೊತೆ ಏನು, ಎಲ್ಲಿಯವರೆಗೆ ಅನ್ನೋದು ಶೂಟಿಂಗಿಗೆ ಮೊದಲೇ ಕಾಗದದ ಮೇಲೆ ಆಗಿರಬೇಕು. ಸೆಟ್ಟಿನಲ್ಲಿ ‘ಇನ್ನೊಂಚೂರು’ ಅನ್ನೋ ಮಾತೇ ಬೇಡ. ಒಳಗೆ ಕ್ಯಾಮೆರಾ, ಫೋಕಸ್, ಸೌಂಡ್, ಒಬ್ಬ ಮಹಿಳಾ ಅಸಿಸ್ಟೆಂಟ್, ಅಷ್ಟೇ. ಉಳಿದವರ ಫೋನೆಲ್ಲ ಹೊರಗೆ ಗೋಣಿಚೀಲದಲ್ಲಿ. ತೆಗೆದದ್ದನ್ನು ಅದೇ ರಾತ್ರಿ ಕಲಾವಿದರಿಗೆ ತೋರಿಸಿ ಒಪ್ಪಿಗೆ ಪಡೆದೆವು, ಡಬ್ಬಿಂಗ್ ಹೊತ್ತಿಗೆ ತಕರಾರು ಬರಲಿಲ್ಲ.

ಬೆಳಕಿಗೆ ಮಾಳಿಗೆ ಮನೆಯ ಬೆಳಕಿಂಡಿಗಿಂತ ಒಳ್ಳೇ ರಿಗ್ ಸಿಗೋದಿಲ್ಲ. ಮೇಲೆ 150 ವ್ಯಾಟಿನ ಒಂದೇ ಎಲ್‌ಇಡಿ, 3200 ಕೆಲ್ವಿನ್ (ಹಳದಿ ಬೆಳಕು), ಕಿಂಡಿಗೆ ಎರಡು ಪದರ ಟ್ರೇಸಿಂಗ್ ಪೇಪರ್. ನೆಲಕ್ಕೆ 11-12 ಅಡಿ. ಸುಣ್ಣದ ಗೋಡೆಯಿಂದ ಬೆಳಕು ಚಿಮ್ಮಿ ಕತ್ತಲೆ ಕೆಡುತ್ತೆ, ಅದಕ್ಕೆ ಎರಡು ಗೋಡೆಗೆ ಕುರಿ ಕಂಬಳಿ ಇಳಿಬಿಟ್ಟೆವು. ಆರು ಕಂಬಳಿಗೆ ದಿನಕ್ಕೆ 300 ರೂಪಾಯಿ ಬಾಡಿಗೆ, ಪ್ರತಿಧ್ವನಿಯೂ ಸತ್ತಿತು. ಹಿನ್ನೆಲೆಯ ಟ್ಯೂಬ್‌ಲೈಟ್ ಮಿಣುಕಬಾರದು ಅಂದರೆ ಸೆಕೆಂಡಿಗೆ 24 ಫ್ರೇಮ್ ತೆಗೆಯುವಾಗ ಶಟರ್ 172.8 ಡಿಗ್ರಿ (ಅಂದರೆ ಒಂದು ಫ್ರೇಮಿಗೆ 1/50 ಸೆಕೆಂಡ್) ಇಡಿ, 180ರಲ್ಲಿ ನಮ್ಮ 50 ಹರ್ಟ್ಜ್ ಕರೆಂಟಿನ ಮಿಣುಕು ಪಟ್ಟಿ ಪಟ್ಟಿಯಾಗಿ ಕಾಣಬಹುದು. ಸಣ್ಣ ಜನರೇಟರ್ ಮೇಲಿದ್ದಾಗ ಇದೂ ಸಾಲದು, ಅದರ ಹರ್ಟ್ಜ್ ಏರಿಳಿಯುತ್ತೆ. ಆಗ ಬ್ಯಾಟರಿಯ ಲೈಟೇ ಗತಿ. ಬೆವರಿಗೆ ಗ್ಲಿಸರಿನ್ ಮತ್ತು ನೀರು. ಅಳತೆ ಹೇಳೋಲ್ಲ, ಮೂರು ರಾತ್ರಿ ಹಾಳಾದ ಮೇಲೆ ಸಿಕ್ಕಿದ್ದು. ನೀರು ಹೆಚ್ಚಾದರೆ ಫ್ಯಾನಿಗೆ ಆರಿ ಹೋಗುತ್ತೆ, ಗ್ಲಿಸರಿನ್ ಹೆಚ್ಚಾದರೆ ಮಿರ್ಚಿ ಕರಿದ ಎಣ್ಣೆ ಬಳಿದ ಹಾಗೆ ಕಾಣುತ್ತೆ, ಅಷ್ಟು ಗೊತ್ತಿರಲಿ.

ದೊಡ್ಡ ಶತ್ರು ಹುಳ. ಕಾರ್ತೀಕದಲ್ಲಿ ಭತ್ತ ತೆನೆ ಕಟ್ಟಿದಾಗ ಜಿಗಿಹುಳ ಲೈಟಿಗೆ ಮುತ್ತಿ ಕಲಾವಿದರ ಮೈಮೇಲೆಲ್ಲ ಉದುರಿದವು. ಮೊದಲ ರಾತ್ರಿ ನಾಲ್ಕು ಗಂಟೆಯಲ್ಲಿ ಆರು ಶಾಟ್. ಎರಡನೇ ರಾತ್ರಿ, ಶೂಟಿಂಗಿಗೆ ಒಂದು ಗಂಟೆ ಮುಂಚೆಯೇ ನೂರು ಅಡಿ ದೂರದಲ್ಲಿ ಬಿಳಿ ಟ್ಯೂಬ್‌ಲೈಟ್ ಹಚ್ಚಿ ಹುಳಗಳನ್ನು ಅತ್ತ ಎಳೆದೆವು, ಕಿಂಡಿಗೆ ಸೊಳ್ಳೆ ಪರದೆ ಬಿಗಿದೆವು. ಹಳದಿ ಬೆಳಕಿಗೆ ಮೊದಲೇ ಕಡಿಮೆ ಬರುತ್ತವೆ. ಹದಿನೆಂಟು ಶಾಟ್ ಆಯಿತು.

ಸುತ್ತ ರೈಸ್ ಮಿಲ್ ಇದ್ದ ಮೇಲೆ ಸಿಂಕ್ ಸೌಂಡ್ (ಶೂಟಿಂಗ್ ಜೊತೆಗೇ ಮಾತು ರೆಕಾರ್ಡ್ ಮಾಡೋದು) ಆಸೆ ಬಿಡಿ, ಗುಂಯ್ ಅನ್ನೋದು ರಾತ್ರಿಯೆಲ್ಲ ನಿಲ್ಲೋಲ್ಲ. ಮಾತು ಡಬ್ ಮಾಡಿದೆವು. ಉಸಿರು, ಬಳೆ, ಮಂಚದ ಕಿರುಗುಟ್ಟು, ಚಿಲಕ ಮಾತ್ರ ಮೈಕನ್ನು ಕಂಬಳಿಯೊಳಗಿಟ್ಟು ಬೇರೆಯಾಗಿ ರೆಕಾರ್ಡ್ ಮಾಡಿದೆವು, ಇದಕ್ಕೆ 40 ಸಾವಿರ. ಹಸಿಬಿಸಿ ಕಾಣೋದಕ್ಕಿಂತ ಕೇಳೋದರಲ್ಲೇ ಹೆಚ್ಚು. ಯುಎ ಬಂದದ್ದೂ ಹೀಗೇ: ಚಿತ್ರದಲ್ಲಿ ಬಾಗಿಲು, ಸದ್ದು ಮಾತ್ರ ಒಳಗಿನದು.

ಮಧ್ಯೆ ಒಂದು ಹುಚ್ಚು ಪ್ರಯೋಗ ಆಯಿತು. ಗಂಗಾವತಿ ಹತ್ತಿರದ ಸಾಣಾಪುರದ ಬಂಡೆಗಳ ನಡುವೆ ಹಗಲಲ್ಲೇ ರಾತ್ರಿಯ ಸೀನು ತೆಗೆಯೋಣ ಅಂತ ಕ್ಯಾಮೆರಾದಲ್ಲಿ ಎರಡು ಸ್ಟಾಪ್ ಇಳಿಸಿ (ಬೆಳಕು ಕಾಲು ಭಾಗಕ್ಕೆ ತಂದು) ಬಣ್ಣ ನೀಲಿಗೆ ತಂದೆವು. ಬಂಡೆ ಬಿಸಿಲಿಗೆ ಹೊಳೆದವು, ಚೂರು ಆಕಾಶ ಕಂಡರೂ ಮೋಸ ಗೊತ್ತಾಗೋದು. ಬಿಟ್ಟೆವು. ಅಲ್ಲಿಯ ಹರಿಗೋಲಿನ ಬೆನ್ನಟ್ಟುವಿಕೆ ಮಾತ್ರ ಉಳಿಯಿತು. ಹರಿಗೋಲಿನೊಳಗೆ ಟ್ರೈಪಾಡ್ ಇಟ್ಟರೆ ಸುತ್ತಿ ಸುತ್ತಿ ಯಾರನ್ನು ಹಿಡಿಯಬೇಕೋ ಅವರೇ ಫ್ರೇಮಿನಲ್ಲಿ ಇರೋಲ್ಲ. ಎರಡು ಹರಿಗೋಲನ್ನು ಆರು ಅಡಿ ಹಗ್ಗದಿಂದ ಕಟ್ಟಿ, ಒಂದರಲ್ಲಿ ಕೈಲಿ ಹಿಡಿದ ಕ್ಯಾಮೆರಾ, ಇನ್ನೊಂದರಲ್ಲಿ ಕಲಾವಿದರು. ತುಂಗಭದ್ರಾ ಡ್ಯಾಮಿನಿಂದ ನೀರು ಬಿಟ್ಟಿದ್ದರೆ ಹರಿಗೋಲೇ ಇಳಿಸೋಲ್ಲ, ಮೊದಲೇ ವಿಚಾರಿಸಿಕೊಳ್ಳಿ.

ಸೆನ್ಸಾರಿನಲ್ಲಿ ಎರಡು ಏಟು. ಮಂಚದ ಪಕ್ಕ ವಿಲನ್ ಸಿಗರೇಟು ಹಚ್ಚುತ್ತಾನೆ. ಆ ಶಾಟ್ ಇರುವಷ್ಟೂ ಹೊತ್ತು ಕೆಳಗೆ ಎಚ್ಚರಿಕೆ ಸಾಲು, ಚಿತ್ರದ ಶುರುವಿಗೂ ನಡುವಿಗೂ ತಂಬಾಕು ವಿರೋಧಿ ಜಾಹೀರಾತು. ಮೂಡೇ ಸತ್ತುಹೋಯಿತು. ಸಿಗರೇಟು ಕಿತ್ತು, ಅದೇ ಕೈ ದೀಪದ ಬತ್ತಿ ಇಳಿಸೋ ಶಾಟ್ ಮತ್ತೆ ತೆಗೆದೆವು. ಎರಡನೆಯದು ಡಿಸಿಪಿ, ಅಂದರೆ ಥಿಯೇಟರಿಗೆ ಕಳಿಸೋ ಡಿಜಿಟಲ್ ಕಾಪಿ: ಸೆನ್ಸಾರಿನವರು ಕಟ್ ಹೇಳುವ ಮುಂಚೆಯೇ ಫೈನಲ್ ಅಂತ ಮಾಡಿಸಿಟ್ಟು, ಕಟ್ ಆದ ಮೇಲೆ ಮತ್ತೆ ಪೂರ್ತಿ ದುಡ್ಡು ಕೊಟ್ಟೆವು.

ಕೊರತೆ ಇನ್ನೂ ಇವೆ. ಕೊನೆಯ ಹದಿನೈದು ನಿಮಿಷದಲ್ಲಿ ಎರಡು ಕಡೆ ತುಟಿಗೂ ಮಾತಿಗೂ ತಾಳ ಇಲ್ಲ, ಇಂಟರ್ವಲ್ ತಿರುವು ಮೊದಲ ಭಾಗ ನೋಡದವನಿಗೆ ಅರ್ಥವಾಗೋಲ್ಲ. ಒಂಬತ್ತು ಬಳೆಯ ಒಂದು ಶಾಟ್ ಇನ್ನೂ ಒಳಗೇ ಇದೆ. ಎಲ್ಲಿ ಅಂತ ಹೇಳೋಲ್ಲ, ಹುಡುಕಿ.