ರೆದೋವಿ ಕೊನೆಗೂ ನಡೀತು: ನನ್ನ ಅನುಭವ

ರೆದೋವಿ ಅಂದರೆ ಅತಿಥಿಗಳು ಒಬ್ಬೊಬ್ಬರಾಗಿ ಏಪ್ರನ್‌ಗೆ ದುಡ್ಡು ಹಾಕಿ, ಒಂದು ಗುಟುಕು ಕುಡಿದು, ಮದುಮಗಳ ಜೊತೆ ಕುಣಿಯೋ ಪದ್ಧತಿ. ಡಿಜೆ ಇರೋ ಮದುವೆಯಲ್ಲಿ ರೆದೋವಿ ನಡೆಯಲ್ಲ, ಜನ ಫೋನ್ ನೋಡ್ತಾ ಕೂರ್ತಾರೆ ಅಂತ ಗಂಡನ ಕಡೆಯವರೇ ನಕ್ಕಿದ್ದರು. ಅವರು ಕಾರ್ಪಾಥೋ-ರುಸಿನ್ ಜನ, ಅಂದರೆ ಯುರೋಪಿನ ಕಾರ್ಪಾಥಿಯನ್ ಬೆಟ್ಟಗಳ ಕಡೆಯ ಸ್ಲಾವ್ ಜನ. ಅಜ್ಜನ ಕಾಲಕ್ಕೇ ಬೆಟ್ಟದ ಹಳ್ಳಿ ಬಿಟ್ಟು ಅಮೆರಿಕದ ಪಿಟ್ಸ್‌ಬರ್ಗ್‌ನ ಉಕ್ಕಿನ ಕಾರ್ಖಾನೆಗೆ ಬಂದವರು. ಹೋದ ಅಕ್ಟೋಬರ್‌ನಲ್ಲಿ ನಾದಿನಿ ಮಗಳ ಮದುವೆಯಲ್ಲಿ ಈ ಕನ್ನಡದ ಸೊಸೆಯೇ ನಡೆಸಿ ತೋರಿಸಿದಳು.

ಮೊದಲ ಸಲ, ಇನ್ನೊಂದು ಮದುವೆಯಲ್ಲಿ, ಪೂರ್ತಿ ಕೆಟ್ಟಿತ್ತು. ರಾತ್ರಿ ಹತ್ತಕ್ಕೆ ಶುರು ಮಾಡಿದ್ದೇ ತಪ್ಪು. ರೆಕಾರ್ಡ್ ಹಾಡು ನಾಲ್ಕೇ ನಿಮಿಷ, ಡಿಜೆ ಅದನ್ನೇ ತಿರುಗಿಸಿ ತಿರುಗಿಸಿ ಹಾಕಿ ಬೇಜಾರಾಗಿ ಬೇರೆ ಹಾಡಿಗೆ ಹೋಗಿಬಿಟ್ಟ. ವಿಸ್ಕಿ ಹಾಲ್‌ನವರದ್ದೇ ಕೊಳ್ಳಬೇಕಿತ್ತು, ನಾನೂರು ಡಾಲರ್ ಹತ್ತಿರ ಬಿಲ್ಲು. ಏಪ್ರನ್‌ಗೆ ಬಿದ್ದಿದ್ದು ಮುನ್ನೂರೋ ಏನೋ. ಮದುಮಗಳ ಜೊತೆ ಕುಣಿಯೋಕೆ ದುಡ್ಡು ಹಾಕಿಸಿ ನಾವೇ ನಷ್ಟ ಮಾಡಿಕೊಂಡೆವು, ಹೇಗಿದೆ!

ಈ ಸಲ ಊಟ ಮುಗಿದ ತಕ್ಷಣ ಶುರು. ಕುಕೀ ಟೇಬಲ್ (ಅತಿಥಿಗಳಿಗೆ ಬಗೆಬಗೆಯ ಕುಕೀ ಜೋಡಿಸಿಡೋ ಮೇಜು) ಮೇಲಿನ ಬಟ್ಟೆ ತೆಗೆಯೋಕೇ ಬಿಡಲಿಲ್ಲ, ರೆದೋವಿ ಮುಗಿದ ಮೇಲೇ ಅಂದೆ. ಒಬ್ಬರೂ ಎದ್ದು ಹೋಗಲಿಲ್ಲ. ಚರ್ಚಿನ ಇಬ್ಬರು ಮುದುಕರು ಅಕಾರ್ಡಿಯನ್ ನುಡಿಸಿದರು, ಊಟ ಹಾಕಿ ಮುನ್ನೂರು ಕೊಟ್ಟೆ. ಒಬ್ಬೊಬ್ಬರಿಗೆ ಎರಡೇ ಸುತ್ತು, ಅರ್ಧ ಕಪ್ ಸ್ಲಿವೊವಿತ್ಸ (ಪ್ಲಮ್ ಹಣ್ಣಿನ ಬ್ರಾಂದಿ), ಮುಂದೆ ನಡೀರಿ. ನೂರಕ್ಕೂ ಜಾಸ್ತಿ ಜನ, ನಲವತ್ತೈದು ನಿಮಿಷ. ಸಾವಿರದ ಮೇಲೆ ಬಂತು.

ಮದುವೆಯಾದ ಹೆಂಗಸರು ಹಾಕೋ ಚೆಪೆಟ್ಸ್ ಟೊಪ್ಪಿಗೆ ಹುಡುಗಿ ಒಪ್ಪಿರಲಿಲ್ಲ, ನಾನೇನು ಅಜ್ಜಿನಾ ಅಂತ. ಮುಸುಕು ತೆಗೆದು ಟೊಪ್ಪಿ ಹಾಕೋವಾಗ ಮದುಮಗಳು ಬೇಡ ಬೇಡ ಅಂತ ಕಿತ್ತೆಸೆಯೋದೇ ಪದ್ಧತಿ ಅಂದಾಗ ಖುಷಿಯಾಗಿ ಕೂತಳು, ಎರಡು ಸಲ ನಿಜವಾಗಲೂ ಎಸೆದಳು. ಗಿಡ್ಡ ಕೂದಲಿನ ಮೇಲೆ ಅದು ಜಾರದ ಹಾಗೆ ಹೇಗೆ ಕೂರಿಸಿದೆ ಅನ್ನೋದು ನನ್ನ ಹತ್ತಿರವೇ ಇರಲಿ.

ಸುಮ್ನೆ ಇರಲಾರದೆ ಬಾರ್ವಿನೋಕ್ ಬಳ್ಳಿಯ ಹಾರವನ್ನೂ ಮಲ್ಲಿಗೆ ದಂಡೆ ಕಟ್ಟೋ ಹಾಗೆ ಕಟ್ಟಿದೆ. ನಮ್ಮ ನಿತ್ಯಪುಷ್ಪದ ನೆಂಟನೇ ಅದು, ಆದರೆ ದಂಟು ಗಂಟಿಗೆ ನಿಲ್ಲಲ್ಲ. ಎರಡು ಹಾಳಾದವು. ಮೂರನೆಯದನ್ನು ಸೂಜಿಯಿಂದ ಹೊಲಿದೆ. ತೆತಾ (ಅವರ ಭಾಷೆಯಲ್ಲಿ ಅತ್ತೆ, ಚಿಕ್ಕಮ್ಮ) ಮೊದಲೇ ಹಾಗೇ ಹೇಳಿದ್ದರು ಅನ್ನಿ.

ಕೊನೆಗೆ ಹೆಂಗಸರೆಲ್ಲ ಕೈ ಕೈ ಹಿಡಿದು ಸುತ್ತು ಕಟ್ಟಿದರು, ಮದುಮಗ ಅದನ್ನು ಮುರಿದು ಹುಡುಗೀನ ಎತ್ತಿಕೊಂಡು ಹೋಗಬೇಕು. ಅವನು ಇಟಾಲಿಯನ್ ಮನೆಯವನು, ಮೂರು ಸಲ ಗುದ್ದಿ ವಾಪಸ್ ಬಂದ. ಕೊನೆಗೆ ಅವನ ತಾಯಿಯೇ ನಮ್ಮ ತೆತಾ ಕೈ ಬಿಡಿಸಿ ದಾರಿ ಮಾಡಿದರು.

ಆಮೇಲೆ ದುಡ್ಡು ಎಣಿಸುವಾಗ ಏಪ್ರನ್‌ನಲ್ಲಿ ನೂರು ರೂಪಾಯಿಯ ಒಂದು ನೋಟು ಸಿಕ್ಕಿತು. ಶಿವಮೊಗ್ಗದಿಂದ ಬಂದಿದ್ದ ನಮ್ಮಪ್ಪನದ್ದು.