ಮುನ್ನಿಯ ಬೋಳು ಹೊಟ್ಟೆ, ನಮ್ಮನೆಯ ಪರಸಿ ಕಲ್ಲು

ಬೆಕ್ಕಿನ ಮೈಮೇಲೆ ಕೂದಲು ಕಡಿಮೆಯಾಗಿದೆ ಅಂದರೆ ಮೊದಲು ನೋಡಬೇಕಾದ್ದು ಒಂದೇ. ಕೂದಲು ತಾನಾಗಿ ಉದುರುತ್ತಿದೆಯೋ, ಇಲ್ಲ ಬೆಕ್ಕೇ ನೆಕ್ಕಿ ನೆಕ್ಕಿ ಕಿತ್ತು ಹಾಕುತ್ತಿದೆಯೋ? ಎರಡಕ್ಕೂ ಕಾರಣ ಬೇರೆ, ಔಷಧವೂ ಬೇರೆ. ಕಲಬುರಗಿಯ ಬ್ರಹ್ಮಪುರದ ನಮ್ಮ ಹಳೇ ಮನೆಯಲ್ಲಿ ಈ ಎರಡೂ ಥರದ ಬೆಕ್ಕು ಸಾಕಿದ್ದೇನೆ. ಅದಕ್ಕೇ ಬರೆಯುತ್ತಿದ್ದೇನೆ.

ಮುನ್ನಿ ಮೂರು ಬಣ್ಣದ ಹೆಣ್ಣು ಬೆಕ್ಕು. ಒಂದು ಮಳೆಗಾಲದಲ್ಲಿ ಅದರ ಹೊಟ್ಟೆ, ತೊಡೆಯ ಒಳಭಾಗ ಪೂರ್ತಿ ಬೋಳಾಯಿತು. ಬಾಲದ ಬುಡದ ಹತ್ತಿರ ಬೆನ್ನಿನ ಕೂದಲೂ ತೆಳುವಾಗತೊಡಗಿತು. ಅಲ್ಲಿ ಬೆರಳಾಡಿಸಿದರೆ ರವೆಯಂಥ ಸಣ್ಣ ಸಣ್ಣ ಹಕ್ಕಳೆ ಸಿಗುತ್ತಿದ್ದವು. ಅದು ಜಾಸ್ತಿ ನೆಕ್ಕಿಕೊಂಡಿದ್ದನ್ನು ಮಾತ್ರ ಮನೆಯಲ್ಲಿ ಯಾರೂ ನೋಡಿರಲಿಲ್ಲ. ಬೆಕ್ಕಿನ ಬುದ್ಧಿಯೇ ಹಾಗೆ ಅಲ್ವಾ? ಮೈ ಸರಿ ಇಲ್ಲದಿದ್ದರೆ ಮಂಚದ ಕೆಳಗೋ ಅಟ್ಟದ ಮೂಲೆಗೋ ಸೇರಿಕೊಂಡು ತನ್ನ ಕೆಲಸ ತಾನು ಮಾಡಿಕೊಳ್ಳುತ್ತದೆ.

ನಾನು ಮಾಡಿದ್ದು ಸಣ್ಣ ಪರೀಕ್ಷೆ. ಬೋಳಾದ ಜಾಗದ ಮೇಲೆ ಬೆರಳನ್ನು ಹಿಂದುಮುಂದಾಗಿ, ಕೂದಲು ಬೆಳೆಯುವ ದಿಕ್ಕಿಗೆ ಎದುರಾಗಿ ಸವರಿದೆ. ಸಣ್ಣಗೆ ಚುಚ್ಚಿದ ಹಾಗಾಯಿತು. ಅಂದರೆ ಕೂದಲಿನ ಬುಡ ಗಟ್ಟಿಯಾಗಿದೆ, ಮೇಲೆ ತುಂಡಾಗಿದೆ. ಪಕ್ಕದ ಕೂದಲನ್ನು ಮೆಲ್ಲಗೆ ಎಳೆದರೂ ಕೈಗೆ ಬರಲಿಲ್ಲ. ಆಮೇಲೆ ಡಾಕ್ಟರು ನಾಲ್ಕು ಕೂದಲನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನನಗೂ ತೋರಿಸಿದರು. ತಾನಾಗಿ ಬೆಳೆದ ಕೂದಲಿನ ತುದಿ ಸೂಜಿಯಾಗಿ ಮುಗಿಯುತ್ತದೆ. ಮುನ್ನಿಯ ಹೊಟ್ಟೆಯ ಕೂದಲಿನ ತುದಿಗಳೆಲ್ಲ ಮೊಂಡು, ಕೆಲವು ಸೀಳಿದ್ದವು. ಬೆಕ್ಕಿನ ನಾಲಿಗೆ ಅಷ್ಟು ಒರಟು.

ಡಾಕ್ಟರ ಹತ್ತಿರ ಹೋಗುವ ಮೊದಲೇ ಓಣಿಯ ಔಷಧಗಳು ಬಂದಿದ್ದವು. "ಜರಾ ಚಿಮಣಿ ಎಣ್ಣಿ ಹಚ್ಚವಾ, ಎರಡೇ ದಿನದಾಗ ಎಲ್ಲಾ ಹೋಗ್ತದ" ಅಂದರು ಎದುರು ಮನೆ ಅಜ್ಜಿ. ಒಬ್ಬರು ಕೊಬ್ಬರಿ ಎಣ್ಣೆಯಲ್ಲಿ ಗಂಧಕ ಕಲಸಿ ಹಚ್ಚು ಅಂದರು. ಇನ್ನೊಬ್ಬರು ಡೆಟಾಲ್ ನೀರಿನಲ್ಲಿ ಸ್ನಾನ ಮಾಡಿಸು ಅಂದರು. ಎಲ್ಲರದೂ ಪ್ರೀತಿಯ ಮಾತೇ. ಆದರೆ ಬೆಕ್ಕಿನ ಮೈಗೆ ಏನು ಹಚ್ಚಿದರೂ ಸ್ವಲ್ಪ ಹೊತ್ತಿಗೆ ಅದು ಹೊಟ್ಟೆಯೊಳಗೆ ಇರುತ್ತದೆ, ಪೂರ್ತಿ ನೆಕ್ಕಿಬಿಡುತ್ತದೆ. ಎಷ್ಟೋ ರಾಸಾಯನಿಕಗಳನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಬಹಳ ಕಡಿಮೆ. ಚಿಮಣಿ ಎಣ್ಣೆ, ಡೆಟಾಲ್, ಫಿನಾಯಿಲ್ ಎಲ್ಲ ಬೆಕ್ಕಿಗೆ ವಿಷವೇ. ಇವೆಲ್ಲಕ್ಕಿಂತ ಅಪಾಯ ನಾಯಿಗೆಂದು ಮಾರುವ ಚಿಗಟದ ಪೌಡರು, ಹನಿ ಔಷಧ. ಅವುಗಳಲ್ಲಿ ಎಷ್ಟೋ ಸಲ ಪರ್ಮೆತ್ರಿನ್ ಇರುತ್ತದೆ. ನಾಯಿಗೆ ಅದು ಆಗಿ ಬರುತ್ತದೆ, ಬೆಕ್ಕಿಗೆ ನಡುಕ, ಫಿಟ್ಸ್ ಬಂದು ಜೀವವೇ ಹೋಗಬಹುದು. ಅಂಗಡಿಯವರು "ಎರಡಕ್ಕೂ ನಡೀತದ" ಅಂದರೂ ಡಬ್ಬಿಯ ಹಿಂದಿನ ಸಣ್ಣ ಅಕ್ಷರ ಓದದೆ ತರಬೇಡಿ.

ಚಿಗಟ ಇದೆಯೋ ಇಲ್ಲವೋ ಎಂದು ಮನೆಯಲ್ಲೇ ನೋಡಬಹುದು. ಹೇನು ತೆಗೆಯುವ ಸಣ್ಣ ಹಲ್ಲಿನ ಹಣಿಗೆ ಬೇಕು. ಬೆಕ್ಕನ್ನು ಬಿಳಿ ಬಟ್ಟೆಯ ಮೇಲೆ ನಿಲ್ಲಿಸಿ ಬಾಲದ ಬುಡದಲ್ಲಿ ಹಣಿಗೆ ಆಡಿಸಿ. ನನಗೆ ಚಿಗಟ ಒಂದೂ ಸಿಗಲಿಲ್ಲ. ಹಣಿಗೆಯಲ್ಲಿ ಕಪ್ಪು ಪುಡಿ ಮಾತ್ರ ಬಂತು. ಅದನ್ನು ಒದ್ದೆ ಮಾಡಿದ ಬಿಳಿ ಹತ್ತಿಯ ಮೇಲೆ ಉದುರಿಸಿದೆ. ಸ್ವಲ್ಪ ಹೊತ್ತಿನಲ್ಲೇ ಪ್ರತಿ ಚುಕ್ಕಿಯ ಸುತ್ತ ಕೆಂಪು ಕಂದು ಬಣ್ಣ ಹರಡಿತು. ಬರೀ ಮಣ್ಣಾಗಿದ್ದರೆ ಹಾಗೆ ಕೆಂಪಾಗುವುದಿಲ್ಲ. ಅದು ಚಿಗಟದ ಹಿಕ್ಕೆ, ಅಂದರೆ ಮುನ್ನಿಯದೇ ಜೀರ್ಣವಾದ ರಕ್ತ.

ಚಿಗಟವೇ ಕಾಣದಿದ್ದರೆ ಈ ಪಾಟಿ ತೊಂದರೆ ಹೇಗೆ ಎಂದು ಡಾಕ್ಟರನ್ನು ಕೇಳಿದೆ. ಕೆಲವು ಬೆಕ್ಕುಗಳಿಗೆ ಚಿಗಟದ ಜೊಲ್ಲೇ ಆಗಿ ಬರುವುದಿಲ್ಲವಂತೆ. ಒಂದೆರಡು ಕಚ್ಚಿದರೂ ಸಾಕು, ದಿನಗಟ್ಟಲೆ ಮೈಯೆಲ್ಲ ತುರಿಕೆ. ಅಷ್ಟು ನೆಕ್ಕುವಾಗ ಇರುವ ಒಂದೆರಡು ಚಿಗಟವನ್ನೂ ಅವೇ ನುಂಗಿಬಿಡುತ್ತವೆ. ಹಾಗೆ ನುಂಗಿದ ಚಿಗಟದಿಂದ ಹೊಟ್ಟೆಯಲ್ಲಿ ಲಾಡಿಹುಳುವೂ ಆಗುತ್ತದೆ. ಮುನ್ನಿಯ ಬಾಲದ ಕೆಳಗೆ ಒಣಗಿ ಅಂಟಿದ್ದ ಬಿಳಿ ಚೂರುಗಳು ಅವೇ. ಅದಕ್ಕೆ ಪ್ರಾಜಿಕ್ವಾಂಟಲ್ ಇರುವ ಜಂತುಹುಳದ ಮಾತ್ರೆ ಬರೆದರು.

ಚಿಗಟಕ್ಕೆ ಕೊಟ್ಟಿದ್ದು ಬೆಕ್ಕಿಗೆಂದೇ ಇರುವ ಫಿಪ್ರೊನಿಲ್ ಹನಿ. ಹಾಕುವ ಜಾಗ ಮುಖ್ಯ. ಕುತ್ತಿಗೆಯ ಹಿಂದೆ, ತಲೆಬುರುಡೆ ಮುಗಿಯುವಲ್ಲಿ ಕೂದಲು ಸರಿಸಬೇಕು, ಚರ್ಮ ಕಾಣಬೇಕು, ಹನಿ ಚರ್ಮದ ಮೇಲೇ ಬೀಳಬೇಕು. ಅಲ್ಲಿಗೆ ಅದರ ನಾಲಿಗೆ ಮುಟ್ಟುವುದಿಲ್ಲ. ಹಾಕುವ ಹಿಂದೆ ಮುಂದೆ ಎರಡು ದಿನ ಸ್ನಾನ ಬೇಡ. ತಿಂಗಳಿಗೊಂದು ಸಲ, ಮನೆಯಲ್ಲಿರುವ ಎಲ್ಲ ಬೆಕ್ಕಿಗೂ ಒಂದೇ ದಿನ. ತೀರಾ ಸಣ್ಣ ಮರಿಗಳಿಗೆ ಇದನ್ನು ಹಾಕುವ ಹಾಗಿಲ್ಲ, ಹಣಿಗೆಯೇ ಗತಿ. ತುರಿಕೆ ತಗ್ಗಲು ಕೆಲವೇ ದಿನಕ್ಕೆ ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ ಮಾತ್ರೆಯೂ ಇತ್ತು. ಸ್ಟಿರಾಯ್ಡ್ ಕೊಡುವ ಮೊದಲು ಗಜಕರ್ಣ ಇಲ್ಲವೆಂದು ನೋಡಿಕೊಳ್ಳಲೇಬೇಕು, ಯಾಕೆಂದರೆ ಸ್ಟಿರಾಯ್ಡ್ ಸಿಕ್ಕರೆ ಅದು ಇನ್ನೂ ಹಬ್ಬುತ್ತದೆ. ನಾನು ಬಾಯಿಬಿಟ್ಟು ಕೇಳಿದೆ. ಡಾಕ್ಟರು ಬೇಜಾರು ಮಾಡಿಕೊಳ್ಳದೆ ದೀಪ ಹಿಡಿದು ನೋಡಿದರು.

ಇಲ್ಲಿಗೆ ಬೆಕ್ಕಿನ ಕೆಲಸ ಮುಗಿಯಿತು. ನಿಜವಾದ ಕೆಲಸ ಇದ್ದದ್ದು ನೆಲದಲ್ಲಿ.

ನಮ್ಮದು ಶಹಾಬಾದ್ ಪರಸಿ ಹಾಸಿದ ಮನೆ. ಈ ಭಾಗದ ಹಳೇ ಮನೆಗಳೆಲ್ಲ ಹಾಗೇ. ಬೇಸಿಗೆಯಲ್ಲಿ ಆ ಕಲ್ಲಿನ ಮೇಲೆ ಮಲಗುವ ಸುಖವೇ ಬೇರೆ. ಆದರೆ ಎರಡು ಕಲ್ಲಿನ ನಡುವಿನ ಸಂದಿಯಲ್ಲಿ ಹಾಕಿದ ಗಾರೆ ವರ್ಷಗಳಾದ ಮೇಲೆ ಉದುರುತ್ತದೆ, ಅಲ್ಲಿ ಮಣ್ಣು ಕೂರುತ್ತದೆ. ಚಿಗಟ ಬೆಕ್ಕಿನ ಮೈಮೇಲೆ ಇಡುವ ಮೊಟ್ಟೆ ಅಂಟುವುದಿಲ್ಲ, ಅದು ನಡೆದಲ್ಲೆಲ್ಲ ಉದುರುತ್ತದೆ. ಮೊಟ್ಟೆಯಿಂದ ಬಂದ ಮರಿಹುಳಕ್ಕೆ ಬೆಳಕು ಆಗುವುದಿಲ್ಲ. ಸಂದಿಯೊಳಗೆ ಇಳಿದು, ಮೇಲಿಂದ ಉದುರಿದ ಚಿಗಟದ ಹಿಕ್ಕೆ ತಿಂದು ಬೆಳೆಯುತ್ತದೆ. ಆಮೇಲೆ ಗೂಡು ಕಟ್ಟಿಕೊಳ್ಳುತ್ತದೆ. ಆ ಗೂಡಿನೊಳಗೆ ಔಷಧ ಹೋಗುವುದಿಲ್ಲ. ತಿಂಗಳುಗಟ್ಟಲೆ ಹಾಗೇ ಕೂತಿದ್ದು, ಮೇಲೆ ಯಾರೋ ಓಡಾಡಿದ ಅದುರು, ಮೈ ಬಿಸಿ ತಾಗಿದಾಗ ಹೊರಗೆ ಜಿಗಿಯುತ್ತದೆ. ಬೆಕ್ಕಿನ ಮೈಮೇಲೆ ಕಾಣುವುದು ಒಟ್ಟು ಚಿಗಟದಲ್ಲಿ ತೀರಾ ಸ್ವಲ್ಪ, ಉಳಿದದ್ದೆಲ್ಲ ಮನೆಯಲ್ಲೇ ಇರುತ್ತದೆ. ಹನಿ ಹಾಕಿ ಎರಡು ವಾರವಾದರೂ ಚಿಗಟ ಕಂಡರೆ ಔಷಧ ಸುಳ್ಳು ಅನ್ನುವವರು ಇದನ್ನು ನೆನಪಿಡಬೇಕು. ಕನಿಷ್ಠ ಮೂರು ತಿಂಗಳು ಬಿಡದೆ ಹಾಕಬೇಕು.

ಇದಕ್ಕೂ ನಮ್ಮ ಹವೆಗೂ ನಂಟಿದೆ. ಏಪ್ರಿಲ್, ಮೇನಲ್ಲಿ ಕಲಬುರಗಿಯ ಬಿಸಿಲು 42 ಡಿಗ್ರಿ ದಾಟುತ್ತದೆ, ಗಾಳಿ ಒಣಗಿರುತ್ತದೆ. ಮರಿಹುಳಕ್ಕೆ ತೇವ ಬೇಕು, ಅಷ್ಟು ಸೆಕೆಯಲ್ಲಿ ಸುಟ್ಟು ಹೋಗುತ್ತದೆ. ಹಾಗಾಗಿ ಬೇಸಿಗೆಯಲ್ಲಿ ಚಿಗಟ ತಾನೇ ಕಡಿಮೆಯಾಗುತ್ತದೆ. ಮೇನಲ್ಲಿ ಏನು ಹಚ್ಚಿದರೂ ಅದೇ ರಾಮಬಾಣ ಅನ್ನಿಸುವುದು ಅದಕ್ಕೇ! ಮಿರಗದ ಮಳೆ ಬಿದ್ದು ನೆಲ ತಂಪಾದರೆ ಶುರು. ಈಗ ನಾನು ಮೊದಲ ಹನಿ ಹಾಕುವುದು ಮಿರಗಕ್ಕಿಂತ ಮುಂಚೆ.

ಸಂದಿಗಳನ್ನು ಕಬ್ಬಿಣದ ಕಡ್ಡಿಯಿಂದ ಕೆರೆದು ಮಣ್ಣು ತೆಗೆದೆವು. ಪಕ್ಕದವರಿಂದ ತಂದ ವ್ಯಾಕ್ಯೂಮ್ ಕ್ಲೀನರ್ ಹಿಡಿದೆವು. ಅದರ ಚೀಲವನ್ನು ಕೂಡಲೇ ಪ್ಲಾಸ್ಟಿಕ್‌ನಲ್ಲಿ ಕಟ್ಟಿ ಹೊರಗೆ ಹಾಕಬೇಕು, ಇಲ್ಲದಿದ್ದರೆ ಅಲ್ಲೇ ಮರಿಯಾಗಿ ವಾಪಸ್ ಬರುತ್ತವೆ. ಆಮೇಲೆ ಸಂದಿಗೆ ಕುದಿಯುವ ನೀರು ಹೊಯ್ದೆವು. ಪೂರ್ತಿ ಒಣಗಿದ ಮೇಲೆ ಬಿಳಿ ಸಿಮೆಂಟ್ ತುಂಬಿದೆವು. ಸೊಂಟ ಹಿಡಿದುಕೊಂಡಿತು. ಆದರೆ ಅರ್ಧ ಜಗಳ ಗೆದ್ದಿದ್ದು ಅಲ್ಲೇ.

ಇನ್ನರ್ಧ ಕೌದಿ. ಮುನ್ನಿ ಮಲಗುವುದು ಅತ್ತೆ ಹೊಲಿದ ಕೌದಿಯ ಮೇಲೆ. ಹಳೇ ಸೀರೆಗಳ ಪದರ ಪದರ, ನಡುವೆ ಏನಿದೆಯೋ ದೇವರೇ ಬಲ್ಲ. ಹಂಡೆಯಲ್ಲಿ ಕುದಿಸೋಣ ಅಂದರೆ ಅತ್ತೆ ಒಪ್ಪಲಿಲ್ಲ. "ಬಣ್ಣ ಹೋಗ್ತದ, ನೂಲೂ ಹೋಗ್ತದ, ಬ್ಯಾಡ" ಅಂದರು. ಸರಿ, ಕೌದಿ ಬೇಸಿಗೆಯವರೆಗೆ ಮಾಳಿಗೆಯ ಬಿಸಿಲಿಗೆ ಹೋಯಿತು. ಬೆಕ್ಕಿಗೆ ಹಳೇ ಧೋತರ ನಾಲ್ಕು ಮಡಿಕೆ ಮಾಡಿ ಹಾಸಿದೆ. ಅದನ್ನು ವಾರಕ್ಕೆರಡು ಸಲ ಬಿಸಿನೀರಿನಲ್ಲಿ ಒಗೆಯುವುದು ಸುಲಭ. ನೆಲಕ್ಕೆ ಕೀಟನಾಶಕ ಹೊಡೆಯಲು ನನಗೆ ಮನಸ್ಸಾಗಲಿಲ್ಲ, ಹೊಡೆದ ನೆಲವನ್ನೇ ತಾನೇ ಬೆಕ್ಕು ತುಳಿದು ಕಾಲು ನೆಕ್ಕುವುದು?

ತುರಿಕೆ ಬೇಗ ನಿಂತಿತು. ಕೂದಲು ಮಾತ್ರ ನಿಧಾನ. ಮೊದಲು ಮಬ್ಬು ಮಬ್ಬಾಗಿ ನವಿರು ಬರುತ್ತದೆ, ಪೂರ್ತಿ ಮುಚ್ಚಲು ಎರಡು ಮೂರು ತಿಂಗಳು ಬೇಕೇ ಬೇಕು. ವಾರಕ್ಕೊಂದು ಸಲ ಅದೇ ಜಾಗದ ಫೋಟೋ ತೆಗೆದಿಡಿ. ದಿನಾ ನೋಡುವ ಕಣ್ಣಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ.

ಊಟದ ಬಗ್ಗೆ ಎರಡು ಮಾತು. ನಮ್ಮದು ಮಾಂಸ ಮಾಡದ ಮನೆ. ಬೆಕ್ಕಿಗೆ ಹಾಲು, ಜೋಳದ ರೊಟ್ಟಿ ಕಲಸಿ ಇಡುವುದೇ ರೂಢಿ. ಬೆಕ್ಕಿಗೆ ಟಾರಿನ್ ಎಂಬ ಅಂಶ ಊಟದಿಂದಲೇ ಸಿಗಬೇಕು, ಅದು ಇರುವುದು ಮಾಂಸ, ಮೀನಿನಲ್ಲಿ. ರೊಟ್ಟಿ ತಿಂದು ಬೆಳೆದ ಬೆಕ್ಕಿನ ಕೂದಲು ಒರಟಾಗಿ, ಹೊಳಪಿಲ್ಲದೆ ಇರುವುದು ನಾನೇ ನೋಡಿದ್ದೇನೆ. ಅತ್ತೆಯ ಮನಸ್ಸೂ ನೋಯಬಾರದು, ಬೆಕ್ಕೂ ಸೊರಗಬಾರದು ಎಂದು ಬೆಕ್ಕಿನ ಒಣ ಆಹಾರ ತರುತ್ತೇವೆ, ತಟ್ಟೆ ಹಿತ್ತಲಲ್ಲಿ. ಚಿಗಟ ಹೋದ ಮೇಲೂ ತುರಿಕೆ ನಿಲ್ಲದಿದ್ದರೆ ಆಹಾರದ ಅಲರ್ಜಿ ಇರಬಹುದು. ಅದನ್ನು ಕಂಡುಹಿಡಿಯಲು ಹಿಂದೆ ತಿನ್ನದ ಒಂದೇ ಥರದ ಆಹಾರವನ್ನು 8 ವಾರ ಕೊಟ್ಟು ನೋಡುತ್ತಾರೆ. ಮುನ್ನಿಗೆ ಅದು ಬೇಕಾಗಲಿಲ್ಲ.

ಗುಂಡ್ಯಾನದು ಪೂರ್ತಿ ಬೇರೆ ಕತೆ. ಸೂಪರ್ ಮಾರ್ಕೆಟ್ ಕಡೆಯಿಂದ ಮಗ ಎತ್ತಿಕೊಂಡು ಬಂದ ಮರಿ. ಕಿವಿಯ ಹಿಂದೆ, ಮೂಗಿನ ಪಕ್ಕ, ಮುಂಗಾಲಿನ ಮೇಲೆ ದುಂಡಗೆ ಕೂದಲು ಹೋಗಿತ್ತು, ಬೂದಿ ಬಣ್ಣದ ಹೊಟ್ಟು. ಕೆರೆದುಕೊಳ್ಳುತ್ತಲೇ ಇರಲಿಲ್ಲ. ಅಂಚಿನ ಕೂದಲು ಹಿಡಿದರೆ ಸಲೀಸಾಗಿ ಬರುತ್ತಿತ್ತು. ಮಗನ ಮೊಳಕೈ ಹತ್ತಿರ ಕೆಂಪು ಉಂಗುರ ಕಂಡ ಮೇಲೆ ಅನುಮಾನವೇ ಉಳಿಯಲಿಲ್ಲ. ಗಜಕರ್ಣ. ಹುಳುಕಡ್ಡಿ ಅಂದರೂ ಇದರಲ್ಲಿ ಹುಳ ಯಾವುದೂ ಇಲ್ಲ, ಇದು ಶಿಲೀಂಧ್ರ. ಬೆಕ್ಕಿನಲ್ಲಿ ಹೆಚ್ಚಾಗಿ ಮೈಕ್ರೋಸ್ಪೋರಮ್ ಕ್ಯಾನಿಸ್.

ಡಾಕ್ಟರು ಕೋಣೆ ಕತ್ತಲೆ ಮಾಡಿ ವುಡ್ಸ್ ಲ್ಯಾಂಪ್ ಎಂಬ ನೇರಳಾತೀತ ದೀಪ ಹಿಡಿದಾಗ ಮೂಗಿನ ಪಕ್ಕದ ಕೂದಲು ಎಳೆ ಹಸಿರಾಗಿ ಹೊಳೆಯಿತು. ಹೊಳೆಯದಿದ್ದರೆ ರೋಗ ಇಲ್ಲ ಅಂತಲ್ಲ, ಶಿಲೀಂಧ್ರದ ಎಲ್ಲ ತಳಿಯೂ ಹೊಳೆಯುವುದಿಲ್ಲ. ಖಾತ್ರಿಗೆ ಹೊಸ ಹಲ್ಲುಜ್ಜುವ ಬ್ರಷ್‌ನಿಂದ ಮರಿಯ ಮೈಯೆಲ್ಲ ಬಾಚಿ, ಬ್ರಷ್ಷನ್ನು ಹಾಗೇ ಕವರಿನಲ್ಲಿ ಹಾಕಿಸಿದರು. ಬೀದರ್‌ಗೆ ಹೊರಟಿದ್ದ ಮೈದುನ ಅದನ್ನು ನಂದಿನಗರದ ಪಶುವೈದ್ಯಕೀಯ ಕಾಲೇಜಿಗೆ ಮುಟ್ಟಿಸಿದ. ಶಿಲೀಂಧ್ರ ಬೆಳೆಸಿ ನೋಡುವ ಪರೀಕ್ಷೆ ಇದು, ಎರಡು ಮೂರು ವಾರ ಕಾಯಬೇಕು.

ಗಜಕರ್ಣಕ್ಕೆ ಕೊಟ್ಟಿದ್ದು ಶಿಲೀಂಧ್ರದ ಔಷಧ ಇಟ್ರಾಕೊನಜೋಲ್, ತೂಕ ನೋಡಿ ಡಾಕ್ಟರು ಹೇಳಿದ ಪ್ರಮಾಣದಲ್ಲಿ, ಒಂದು ವಾರ ದಿನಾ, ಮುಂದಿನ ವಾರ ಬಿಡುವು. ಜೊತೆಗೆ ಮೈಕೊನಜೋಲ್ ಮತ್ತು ಕ್ಲೋರ್‌ಹೆಕ್ಸಿಡಿನ್ ಇರುವ ಶಾಂಪೂ, ವಾರಕ್ಕೆ ಎರಡು ಸಲ, ನೊರೆ ಹಚ್ಚಿ ಹತ್ತು ನಿಮಿಷ ಬಿಡಬೇಕು. ಆ ಹತ್ತು ನಿಮಿಷ ನೀವೇ ಮಾಡಿ ನೋಡಿ, ಉದ್ದ ತೋಳಿನ ಅಂಗಿ ಹಾಕಿಕೊಂಡು.

ಮರಿಯನ್ನು ಟೈಲ್ಸ್ ಹಾಕಿದ ಸಣ್ಣ ಕೋಣೆಯಲ್ಲಿಟ್ಟೆ. ಕೌದಿ, ಗೋಣಿ ಏನೂ ಇಲ್ಲ. ಉದುರಿದ ಕೂದಲಿನಲ್ಲಿರುವ ಬೀಜಕಣ ವರ್ಷಕ್ಕೂ ಮೀರಿ ಬದುಕಬಲ್ಲದು. ಕಸಬರಿಗೆ ಹಿಡಿದರೆ ಅದು ಗಾಳಿಗೆ ಹಾರಿ ಮನೆಯೆಲ್ಲ ಹರಡುತ್ತದೆ, ಹಾಗಾಗಿ ದಿನಾ ಒದ್ದೆ ಬಟ್ಟೆಯಿಂದ ಒರೆಸುವುದು. ನಡುನಡುವೆ ತೆಳು ಬ್ಲೀಚ್ ನೀರು, ಮರಿಯನ್ನು ಹೊರಗೆ ತಂದು, ನೆಲ ಒಣಗಿದ ಮೇಲೇ ವಾಪಸ್. ಮಗನನ್ನು ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಮೆಡಿಕಲ್ ಅಂಗಡಿಯಲ್ಲಿ ಕೇಳಿದರೆ ಮೂರ್ನಾಲ್ಕು ಔಷಧ ಬೆರೆಸಿದ ಮುಲಾಮು ಕೊಡುತ್ತಾರೆ. ಎಷ್ಟೋ ಮುಲಾಮಿನಲ್ಲಿ ಕ್ಲೊಬೆಟಾಸೋಲ್ ಎಂಬ ಸ್ಟಿರಾಯ್ಡ್ ಇರುತ್ತದೆ. ಎರಡು ದಿನ ಕೆಂಪು ತಗ್ಗುತ್ತದೆ, ಆಮೇಲೆ ಇನ್ನೂ ದೊಡ್ಡದಾಗಿ ಬರುತ್ತದೆ. ಬೆಕ್ಕಿಗಂತೂ ಅದನ್ನು ಹಚ್ಚಲೇಬಾರದು.

ಗುಂಡ್ಯಾನ ಕೂದಲು ಬೇಗ ಬಂತು, ಮಗನಿಗೆ ಔಷಧ ನಿಲ್ಲಿಸುವ ಅವಸರ. ಕೂದಲು ಬಂದ ಬೆಕ್ಕೂ ರೋಗ ಹರಡಬಹುದು. ಮತ್ತೆ ಬ್ರಷ್ ಪರೀಕ್ಷೆ ಮಾಡಿಸಿ, ಏನೂ ಬೆಳೆಯಲಿಲ್ಲ ಎಂದು ಗೊತ್ತಾದ ಮೇಲೇ ಕೋಣೆಯ ಬಾಗಿಲು ತೆಗೆದೆ.

ಇತ್ತೀಚೆಗೆ ಗೋಡೆ ಹಾರಿ ಬರುವ ಓಣಿಯ ಗಂಡು ಬೆಕ್ಕಿನ ಕಿವಿಯ ಅಂಚು ದಪ್ಪ ಹೊಪ್ಪಳೆ ಕಟ್ಟಿದೆ, ಹಣೆಯೂ ಸುಕ್ಕಾಗಿದೆ, ಕೆರೆತ ಅಂದರೆ ವಿಪರೀತ. ಅದು ನುಸಿಯಿಂದ ಬರುವ ಕಜ್ಜಿ, ಒಂದರಿಂದ ಒಂದಕ್ಕೆ ತಟ್ಟನೆ ಅಂಟುತ್ತದೆ. ಐವರ್ಮೆಕ್ಟಿನ್ ಚುಚ್ಚಿಸೋಣ ಅಂದರೆ ಅದನ್ನು ಮತ್ತೊಮ್ಮೆ ಚುಚ್ಚಿಸಬೇಕು, ಬೆಕ್ಕು ಎರಡನೇ ಸಲ ಕೈಗೆ ಸಿಗುವ ಗ್ಯಾರಂಟಿ ಇಲ್ಲ. ಡಾಕ್ಟರು ಅದಕ್ಕೆ ಸೆಲಮೆಕ್ಟಿನ್ ಹನಿ ಹೇಳಿದರು, ಚಿಗಟಕ್ಕೂ ನುಸಿಗೂ ಒಂದೇ. ಹಿತ್ತಲ ತಟ್ಟೆಗೆ ತಲೆ ಹಾಕಿದಾಗ ಮೆಲ್ಲಗೆ ಹಿಂದಿನಿಂದ ಹೋಗಿ ಕುತ್ತಿಗೆಗೆ ಬಿಡುತ್ತೇನೆ. ಅದು ಗುರ್ ಅನ್ನುತ್ತದೆ, ಊಟ ಮಾತ್ರ ಬಿಡುವುದಿಲ್ಲ.